ಮದುವೆಯಲ್ಲಿ ಟೋಸ್ಟ್ ಹೇಳಿ ಅಂದರೆ ಏನು ಮಾಡ್ತೀರಿ?

"ನಾಡಿದ್ದು ಮಂಗಳೂರಲ್ಲಿ ಗೆಳೆಯನ ಮದುವೆ, ಟೋಸ್ಟ್ ನಾನೇ ಹೇಳ್ಬೇಕಂತೆ" ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಷ್ಟೂ ಜನಕ್ಕೆ ನೀನೇ ಹೇಳ್ಬೇಕಾ? ದುಡ್ಡು ಯಾರು ಕೊಡ್ತಾರೆ?" ಎಂದಳು.

ಅಮ್ಮನ ತಪ್ಪೇನಿಲ್ಲ. ನಮ್ಮ ಶಿವಮೊಗ್ಗದ ಕಡೆ ಕಾಫಿ ಹೇಳುತ್ತೇವೆ, ದೋಸೆ ಹೇಳುತ್ತೇವೆ. ಟೋಸ್ಟ್ ಹೇಳೋದು ಅಂದರೆ ಅಯ್ಯಂಗಾರ್ ಬೇಕರಿಯಲ್ಲಿ ಈರುಳ್ಳಿ, ಕ್ಯಾರೆಟ್ ಹಾಕಿದ ಖಾರದ ಬ್ರೆಡ್ ತರಿಸೋದು. ನಿಜ ಹೇಳಬೇಕೆಂದರೆ ಅವಳು ತೀರಾ ದೂರ ಹೋಗಿರಲೂ ಇಲ್ಲ. ಹಿಂದೆ ಇಂಗ್ಲೆಂಡಿನಲ್ಲಿ ಸುಟ್ಟ ಬ್ರೆಡ್ಡಿನ ಚೂರಿಗೆ ಮಸಾಲೆ ಸವರಿ, ರುಚಿಗೆಂದು ವೈನಿನಲ್ಲಿ ಮುಳುಗಿಸುತ್ತಿದ್ದರು. 17ನೇ ಶತಮಾನದ ಹೊತ್ತಿಗೆ ಆ ಬ್ರೆಡ್ಡಿನ ಹೆಸರು ಗ್ಲಾಸ್ ಎತ್ತಿ ಹಾರೈಸುವ ಪದ್ಧತಿಗೇ ಅಂಟಿಕೊಂಡಿತು. ಬ್ರೆಡ್ ಹೋಯಿತು, ಹೆಸರು ಉಳಿಯಿತು.

ಕರ್ನಾಟಕದಲ್ಲಿ ಟೋಸ್ಟ್ ಬೇರು ಬಿಟ್ಟಿರುವುದು ಕ್ರೈಸ್ತರ ಮದುವೆಗಳಲ್ಲಿ. ಅದರಲ್ಲೂ ದಕ್ಷಿಣ ಕನ್ನಡ, ಉಡುಪಿ ಕಡೆಯ ಕೊಂಕಣಿ ಕೆಥೋಲಿಕರ ರಿಸೆಪ್ಷನ್‌ನಲ್ಲಿ ಇದಿಲ್ಲದೆ ಊಟಕ್ಕೆ ಎಲೆ ಬೀಳುವುದೇ ಇಲ್ಲ. ಚರ್ಚಿನಲ್ಲಿ ಮದುವೆ ಮುಗಿಸಿ ಎಲ್ಲರೂ ಹಾಲಿಗೆ ಬರುತ್ತಾರೆ. ಮದುಮಕ್ಕಳು ಬ್ಯಾಂಡಿನ ಜೊತೆ ಒಳಗೆ ಬಂದು ಕೇಕ್ ಕತ್ತರಿಸುತ್ತಾರೆ. ಬಂದವರ ಕೈಗೆ ಒಂದು ತುಂಡು ಕೇಕ್, ಪುಟ್ಟ ಲೋಟದಲ್ಲಿ ವೈನ್ ಬರುತ್ತದೆ. ಆಗ ಒಬ್ಬರು ಮೈಕ್ ಹಿಡಿದು ಎರಡೂ ಮನೆಯವರ ಬಗ್ಗೆ, ಹುಡುಗ ಹುಡುಗಿಯ ಬಗ್ಗೆ ನಾಲ್ಕು ಮಾತಾಡಿ ಎಲ್ಲರ ಕೈಯಲ್ಲೂ ಗ್ಲಾಸ್ ಎತ್ತಿಸುತ್ತಾರೆ. 'ಟೋಸ್ಟ್ ರೈಸ್ ಮಾಡೋದು' ಅನ್ನುವುದು ಇದಕ್ಕೇ. ದೊಡ್ಡಪ್ಪನೋ, ಸೋದರಮಾವನೋ, ಊರಿನ ಮೇಷ್ಟ್ರೋ ಇದನ್ನು ಮಾಡುವುದು ರೂಢಿ. ಈಗ ಗೆಳೆಯರ ಕೊರಳಿಗೂ ಬೀಳುತ್ತಿದೆ.

ನನ್ನ ಕೊರಳಿಗೆ ಬಿದ್ದದ್ದು ಮಂಗಳೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತಿದ್ದಾಗ. ಕನ್ನಡ ಮೇಷ್ಟ್ರು ಅಂದರೆ ಮಾತಾಡೋಕೆ ಬಂದೇ ಬರುತ್ತೆ ಅಂತ ಜನರ ನಂಬಿಕೆ. ಇಲ್ಲಿಯವರೆಗೆ ಏಳು ಟೋಸ್ಟ್ ಹೇಳಿದ್ದೇನೆ. ಎರಡು ಚೆನ್ನಾಗಿ ಬಂದವು. ನಾಲ್ಕು ಪರವಾಗಿಲ್ಲ. ಒಂದನ್ನು ನೆನೆಸಿಕೊಂಡರೆ ಇವತ್ತೂ ಕಿವಿ ಬಿಸಿಯಾಗುತ್ತದೆ. ಆ ಕತೆ ಮುಂದೆ ಹೇಳುತ್ತೇನೆ.

ಒಪ್ಪಿಕೊಳ್ಳುವ ಮೊದಲು ಕೇಳಬೇಕಾದ್ದು

ಹೂಂ ಅನ್ನುವ ಮುಂಚೆ ಕೆಲವು ವಿಷಯ ಕೇಳಿಕೊಳ್ಳಿ. ನಿಮ್ಮನ್ನು ಬಿಟ್ಟು ಇನ್ನು ಯಾರು ಮಾತಾಡುತ್ತಾರೆ? ಎಷ್ಟು ನಿಮಿಷ? ಯಾವ ಭಾಷೆ? ಮದುಮಗ ಕೊನೆಯಲ್ಲಿ ಥ್ಯಾಂಕ್ಸ್ ಹೇಳುತ್ತಾನಾ? ಹೇಳುವುದಾದರೆ ಅಡುಗೆಯವರಿಂದ ಹಿಡಿದು ಡೆಕೊರೇಷನ್‌ನವರ ತನಕ ಧನ್ಯವಾದ ಹೇಳುವ ಕೆಲಸ ಅವನದು. ನೀವು ಅದಕ್ಕೆ ಕೈ ಹಾಕಬೇಡಿ.

ಇನ್ನೊಂದು ಪ್ರಶ್ನೆ ಇದೆ. ಅದನ್ನು ಮದುಮಗ, ಮದುಮಗಳು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಬೇಕು: "ನಾನು ಯಾವುದನ್ನು ಹೇಳಬಾರದು?" ಹೆಚ್ಚಿನವರು "ಏನೂ ಇಲ್ಲಪ್ಪ, ಏನು ಬೇಕಾದ್ರೂ ಹೇಳು" ಅನ್ನುತ್ತಾರೆ. ಎರಡು ನಿಮಿಷ ಬಿಟ್ಟು, "ಆ ಪಿಯುಸಿ ಫೇಲಾದ ವಿಷಯ ಮಾತ್ರ ಬೇಡ" ಅನ್ನುತ್ತಾರೆ. ಆ ಎರಡು ನಿಮಿಷ ಕಾಯಿರಿ.

ಕೊನೆಯ ಸಾಲಿನಿಂದ ಶುರು ಮಾಡಿ

ಟೋಸ್ಟ್ ಭಾಷಣ ಅಲ್ಲ. ಭಾಷಣ ಮುಗಿದರೆ ಜನ ಚಪ್ಪಾಳೆ ತಟ್ಟಿ ಸುಮ್ಮನಾಗುತ್ತಾರೆ. ಟೋಸ್ಟ್ ಮುಗಿದ ಕ್ಷಣ ಐನೂರು ಜನ ಒಟ್ಟಿಗೆ ಕೈ ಎತ್ತಬೇಕು. ಹಾಗಾಗಿ ನಾನು ಬರೆಯುವುದು ಹಿಂದಿನಿಂದ ಮುಂದಕ್ಕೆ. ಮೊದಲು ಕೊನೆಯ ಸಾಲು, ಆಮೇಲೆ ಅಲ್ಲಿಗೆ ಹೋಗುವ ದಾರಿ.

ಕನ್ನಡದಲ್ಲಿ ಇಲ್ಲೊಂದು ತೊಡಕಿದೆ. ಇಂಗ್ಲಿಷಿನಲ್ಲಿ ಟೋಸ್ಟ್ ಹೇಳುವವರು ಕೊನೆಗೆ ಇಬ್ಬರ ಹೆಸರು ಹೇಳಿ ನಿಲ್ಲಿಸಿಬಿಡುತ್ತಾರೆ. ಹೆಸರು ಕಿವಿಗೆ ಬಿದ್ದ ಕೂಡಲೇ ಗ್ಲಾಸ್ ಎತ್ತಬೇಕು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ನಮ್ಮಲ್ಲಿ ಹೆಸರು ಮೊದಲು ಬರುತ್ತದೆ, ಕ್ರಿಯಾಪದ ಕೊನೆಗೆ. "ಇವರಿಬ್ಬರ ದಾಂಪತ್ಯ ಜೀವನ ಸುಖಮಯವಾಗಿರಲಿ ಎಂದು ಈ ಶುಭ ಸಂದರ್ಭದಲ್ಲಿ ತುಂಬು ಹೃದಯದಿಂದ ಹಾರೈಸುತ್ತಾ..." ಹಾರೈಸುತ್ತಾ ಅಂದಮೇಲೆ ಇನ್ನೂ ಏನೋ ಇದೆ ಅಂತ ಜನ ಕಾಯುತ್ತಾರೆ. ಮುಂದಿನ ಸಾಲಿನವರು ಅರ್ಧ ಎತ್ತಿ ಇಳಿಸುತ್ತಾರೆ. ಹಿಂದಿನ ಸಾಲಿನವರು ಕುಡಿದೇ ಬಿಟ್ಟಿರುತ್ತಾರೆ.

ಇದಕ್ಕೆ ಮದ್ದು ನಮ್ಮಲ್ಲೇ ಇದೆ. ಉತ್ತರ ಕರ್ನಾಟಕದ ಮದುವೆಗಳಲ್ಲಿ ಹೆಣ್ಣಿನ ಬಾಯಲ್ಲಿ ಗಂಡನ ಹೆಸರು ಹೇಳಿಸುವ ಒಡಪು ಕೇಳಿದ್ದೀರಲ್ವಾ? ಪ್ರಾಸ ಕಟ್ಟಿಕೊಂಡು ಎಲ್ಲೆಲ್ಲೋ ಸುತ್ತಿ, ಹೆಸರನ್ನು ಕೊನೆಗೆ ಬಿಡುತ್ತಾಳೆ. ಹೆಸರು ಬಂದ ಕೂಡಲೇ ಹೆಂಗಸರೆಲ್ಲ ಹೋ ಅನ್ನುತ್ತಾರೆ. ಯಾರೂ ಅವರಿಗೆ ಸನ್ನೆ ಮಾಡಿರುವುದಿಲ್ಲ. ಹೆಸರೇ ಸನ್ನೆ. ಟೋಸ್ಟಿಗೂ ಇದೇ ಬೇಕು.

ನಾನು ಮಾಡುವುದು ಹೀಗೆ. ಕತೆ ಮುಗಿದ ಮೇಲೆ ಎರಡು ಉಸಿರಿನಷ್ಟು ಹೊತ್ತು ನಿಲ್ಲುತ್ತೇನೆ. "ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಗ್ಲಾಸ್ ಕೈಗೆ ತೊಗೊಳ್ಳಿ" ಎನ್ನುತ್ತೇನೆ. ಕುರ್ಚಿಯ ಸದ್ದು ನಿಲ್ಲುವ ತನಕ ಕಾಯುತ್ತೇನೆ. ಇದು ಅಂದುಕೊಂಡದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಆಮೇಲೆ, "ನಾನು ಇಬ್ಬರ ಹೆಸರು ಹೇಳ್ತೀನಿ. ನೀವೆಲ್ಲ 'ಚೆನ್ನಾಗಿರಲಿ' ಅನ್ನಿ" ಎನ್ನುತ್ತೇನೆ. ಕೊನೆಗೆ ಹೆಸರು, ಅಷ್ಟೇ. ಅದಾದ ಮೇಲೆ ಒಂದು ಪದವನ್ನೂ ಸೇರಿಸುವುದಿಲ್ಲ. ತೇರು ಎಳೆಯುವಾಗ ಒಬ್ಬ ಕೂಗಿದರೆ ಉಳಿದವರು ಓಗೊಡುತ್ತಾರಲ್ಲ, ಹಾಗೆ ಇಡೀ ಹಾಲ್ ಓಗೊಡುತ್ತದೆ. ಕರಾವಳಿಯಲ್ಲಿ ಇದರ ಬೆನ್ನಿಗೇ ಯಾರಾದರೂ "ಹಿಪ್ ಹಿಪ್" ಎಂದು ಕೂಗುತ್ತಾರೆ, ಉಳಿದವರು "ಹುರ್ರೇ" ಅನ್ನುತ್ತಾರೆ. ಅದನ್ನು ಕೂಗಲು ಗಟ್ಟಿ ಗಂಟಲಿನ ಒಬ್ಬ ಹುಡುಗನಿಗೆ ಮೊದಲೇ ಹೇಳಿಟ್ಟರೆ ಒಳ್ಳೆಯದು.

ಒಂದೇ ಒಂದು ಕತೆ

ಇಲ್ಲಿ ಜಾಸ್ತಿ ಹೊತ್ತು ಕೂರಬೇಕು. ಮೊದಲ ಸಲ ಬರೆಯುವವರು ಮದುಮಗನ ಬಯೋಡೇಟಾ ಬರೆಯುತ್ತಾರೆ. ಎಲ್ಲಿ ಹುಟ್ಟಿದ, ಎಲ್ಲಿ ಓದಿದ, ಯಾವ ಕಂಪನಿ, ಯಾವ ದೇಶ. ಆಮೇಲೆ ಗುಣಗಳ ಪಟ್ಟಿ: ಸ್ನೇಹಜೀವಿ, ಸರಳ, ಹಸನ್ಮುಖಿ, ಪರೋಪಕಾರಿ. ಈ ಪದಗಳನ್ನು ನಾವು ದಿನಾ ಬೆಳಗ್ಗೆ ಪೇಪರಿನಲ್ಲಿ ಓದುತ್ತೇವೆ, ಶ್ರದ್ಧಾಂಜಲಿ ಜಾಹೀರಾತಿನಲ್ಲಿ. ಮದುವೆ ಮನೆಯಲ್ಲಿ ಬೇಡ.

ಬದಲಿಗೆ ಒಂದು ಸಣ್ಣ ಘಟನೆ ಹುಡುಕಿ. ಅದನ್ನು ನೀವೇ ಕಣ್ಣಾರೆ ನೋಡಿರಬೇಕು. ದೊಡ್ಡ ಸಾಹಸ ಆಗಬೇಕಿಲ್ಲ. ಅವನ ಅಥವಾ ಅವಳ ಒಂದು ಅಭ್ಯಾಸ ಅದರಲ್ಲಿ ಕಂಡರೆ ಸಾಕು. ಯಾರಿಗೋ ಸಹಾಯ ಮಾಡಿದ ಅಂತ ಹೇಳುವುದಕ್ಕಿಂತ, ಸಹಾಯ ಮಾಡಿ ಅದನ್ನು ಮುಚ್ಚಿಡಲು ಎಂಥ ಕೆಟ್ಟ ಸುಳ್ಳು ಹೇಳುತ್ತಿದ್ದ ಅಂತ ಹೇಳಿದರೆ ಅಮ್ಮನಿಂದ ಹಿಡಿದು ಆಫೀಸಿನವರ ತನಕ ಎಲ್ಲರೂ "ಹೌದು, ಇವನು ಹಾಗೇನೇ" ಎಂದು ತಲೆ ಆಡಿಸುತ್ತಾರೆ.

ಮುಖ್ಯವಾದ ಇನ್ನೊಂದು ಷರತ್ತು: ಆ ಕತೆಯಿಂದ ಇನ್ನೊಬ್ಬರ ಹತ್ತಿರ ಹೋಗಲು ದಾರಿ ಇರಬೇಕು. ಮದುಮಗನ ಗೆಳೆಯ ಮದುಮಗನ ಬಗ್ಗೆ ಐದು ನಿಮಿಷ ಮಾತಾಡಿ, ಕೊನೆಗೆ "ಇಂಥವನಿಗೆ ತಕ್ಕ ಹುಡುಗಿ ಸಿಕ್ಕಿದ್ದಾಳೆ" ಎಂದು ಮುಗಿಸಿದರೆ ಏನಾಯಿತು? ಅವಳು ಬಹುಮಾನದ ಹಾಗೆ ಕೂತಿರುತ್ತಾಳೆ. ಅವಳ ಮನೆಯವರು ಅರ್ಧ ಹಾಲ್ ತುಂಬಿದ್ದಾರೆ. ಅವರ ಮುಖ ನೋಡಿ ಒಮ್ಮೆ.

ಮದುಮಗಳ ಪರಿಚಯ ಇಲ್ಲವಾ? ಫೋನ್ ಮಾಡಿ, ಕಾಲು ಗಂಟೆ ಮಾತಾಡಿ. "ಅವನನ್ನು ಯಾಕೆ ಒಪ್ಪಿದೆ" ಅಂತ ಕೇಳಬೇಡಿ, ಎಲ್ಲರೂ ಹೇಳುವ ಉತ್ತರವೇ ಸಿಗುತ್ತದೆ. "ಅವನ ಯಾವ ಅಭ್ಯಾಸ ನಿನಗೆ ಸಿಟ್ಟು ತರಿಸುತ್ತೆ?" ಅಂತ ಕೇಳಿ. "ಮೊದಲ ಸಲ ನಿಮ್ಮ ಮನೆಗೆ ಬಂದಾಗ ಏನು ತಂದಿದ್ದ?" ಅಂತ ಕೇಳಿ. ಬಾಗಿಲು ತೆಗೆಯುತ್ತದೆ.

ಮದುವೆಯ ಹಿಂದಿನ ದಿನ ಕರಾವಳಿಯ ಕೆಥೋಲಿಕರಲ್ಲಿ ರೋಸ್ ಎಂಬ ಶಾಸ್ತ್ರ ಇರುತ್ತದೆ. ಹುಡುಗನಿಗೆ ಅವನ ಮನೆಯಲ್ಲಿ, ಹುಡುಗಿಗೆ ಅವಳ ಮನೆಯಲ್ಲಿ ತೆಂಗಿನಕಾಯಿ ಹಾಲು, ಎಣ್ಣೆ ಹಚ್ಚುತ್ತಾರೆ. ಹೆಂಗಸರು ವೊವಿಯೊ ಹಾಡುತ್ತಾರೆ. ನಮ್ಮ ಸೋಬಾನೆಯ ಹಾಗೇ, ಹರಕೆಯೂ ಉಂಟು, ಕೀಟಲೆಯೂ ಉಂಟು. ಕರೆದರೆ ತಪ್ಪದೆ ಹೋಗಿ. ಹೊಸ ಕತೆ ಹುಡುಕಲು ಅಷ್ಟೊತ್ತಿಗೆ ತಡವಾಗಿರುತ್ತದೆ. ಆದರೆ ನಿಮ್ಮ ಕೈಲಿರುವ ಕತೆಯನ್ನು ಚಿಕ್ಕಮ್ಮನೋ ಅಣ್ಣನೋ ಆಗಲೇ ಎಲ್ಲರಿಗೂ ಹೇಳಿಬಿಟ್ಟಿದ್ದಾರಾ ಅಂತ ಗೊತ್ತಾಗುತ್ತದೆ.

ಹೆಸರು, ಸಂಬಂಧ, ಮತ್ತು ನನ್ನ ಮೂರನೇ ಟೋಸ್ಟ್

ಕಿವಿ ಬಿಸಿಯಾಗುವ ಕತೆ ಇದು. ಹುಡುಗ ನನ್ನ ಸಹೋದ್ಯೋಗಿ. ಅವನ ಕಡೆಯವರ ಹೆಸರೆಲ್ಲ ಬಾಯಿಪಾಠ ಮಾಡಿದ್ದೆ. ಹುಡುಗಿಯ ತಂದೆತಾಯಿಯ ಹೆಸರನ್ನು ಆಮಂತ್ರಣ ಪತ್ರಿಕೆ ನೋಡಿ ಬರೆದುಕೊಂಡಿದ್ದೆ. ಪತ್ರಿಕೆಯಲ್ಲಿ ತಂದೆಯ ಹೆಸರಿನ ಹಿಂದೆ 'ದಿವಂಗತ' ಎಂದು ಸಣ್ಣ ಅಕ್ಷರದಲ್ಲಿತ್ತು. ನಾನು ನೋಡಲೇ ಇಲ್ಲ. ವೇದಿಕೆ ಮೇಲೆ ತಾಯಿಯ ಪಕ್ಕದಲ್ಲಿ ಒಬ್ಬರು ಹಿರಿಯರು ಕೂತಿದ್ದರು. ಅವರತ್ತ ಕೈ ತೋರಿಸಿ, ತಂದೆಯ ಹೆಸರು ಹೇಳಿ, "ಮಗಳನ್ನು ಇಷ್ಟು ಚೆನ್ನಾಗಿ ಬೆಳೆಸಿದ ನಿಮಗೆ ನಮಸ್ಕಾರ" ಎಂದೆ. ಹಾಲ್ ತಣ್ಣಗಾಯಿತು. ಅವರು ಹುಡುಗಿಯ ದೊಡ್ಡಪ್ಪ. ತಂದೆ ತೀರಿಕೊಂಡು ಎರಡು ವರ್ಷ ಆಗಿತ್ತು. ಆ ದೊಡ್ಡಪ್ಪ ದೊಡ್ಡ ಮನುಷ್ಯ. ಎದ್ದು ನಿಂತು ನಮಸ್ಕಾರ ಮಾಡಿದರು. ಊಟದ ಹೊತ್ತಿಗೆ ನನ್ನ ಹೆಗಲು ತಟ್ಟಿ, "ಇರ್ಲಿ ಮೇಷ್ಟ್ರೇ, ನನ್ನ ತಮ್ಮನ ಹೆಸರು ಇವತ್ತು ಯಾರಾದ್ರೂ ಗಟ್ಟಿಯಾಗಿ ಹೇಳ್ಬೇಕಿತ್ತು" ಎಂದರು. ನನಗೆ ಅನ್ನ ಇಳಿಯಲಿಲ್ಲ.

ಆವತ್ತಿನಿಂದ ಒಂದು ಕಾರ್ಡಿನಲ್ಲಿ ಎರಡೂ ಮನೆಯ ಹೆಸರು ಬರೆಯುತ್ತೇನೆ. ಬದುಕಿರುವವರು ಯಾರು, ಇಲ್ಲದವರು ಯಾರು, ವೇದಿಕೆ ಮೇಲೆ ಯಾರು ಕೂರುತ್ತಾರೆ. ಅದನ್ನು ಎರಡೂ ಮನೆಯ ಒಬ್ಬೊಬ್ಬರಿಗೆ ಓದಿ ಹೇಳಿ ಸರಿ ಅನ್ನಿಸಿಕೊಳ್ಳುತ್ತೇನೆ. ಹೆಸರು ಹೇಳುವ ರೀತಿಯನ್ನೂ ಕೇಳಿಕೊಳ್ಳಿ. ಪೋರ್ಚುಗೀಸ್ ಮೂಲದ ಮನೆತನದ ಹೆಸರುಗಳನ್ನು ನಾವು ಘಟ್ಟದ ಮೇಲಿನವರು ಬರೆದ ಹಾಗೇ ಓದಿ ನಗೆಪಾಟಲಾಗುತ್ತೇವೆ. ಹೆಸರಿನ ಮುಂದಿನ 'ಡಿ' ಅಕ್ಷರವನ್ನು ಹೇಗೆ ಸೇರಿಸಿ ಹೇಳಬೇಕು ಅಂತ ಅವರ ಬಾಯಲ್ಲೇ ಕೇಳಿ, ಕನ್ನಡದಲ್ಲಿ ಬರೆದುಕೊಳ್ಳಿ.

ತೀರಿಕೊಂಡವರನ್ನು ನೆನೆಯಬೇಕಾ? ಮನೆಯವರು ಬೇಕು ಅಂದರೆ ಮಾತ್ರ, ಒಂದೇ ವಾಕ್ಯದಲ್ಲಿ. ಅದನ್ನು ಕತೆಗೆ ಮುಂಚೆ ಹೇಳಿ. ಗ್ಲಾಸ್ ಎತ್ತುವ ಹೊತ್ತಿಗೆ ಯಾರ ಕಣ್ಣಲ್ಲೂ ನೀರಿರಬಾರದು.

ಯಾವ ಭಾಷೆ?

ಕರಾವಳಿಯ ಒಂದು ಹಾಲಿನಲ್ಲಿ ಕೊಂಕಣಿ, ತುಳು, ಕನ್ನಡ, ಇಂಗ್ಲಿಷ್ ನಾಲ್ಕೂ ಓಡಾಡುತ್ತವೆ. ಹುಡುಗಿ ಕೇರಳದವಳಾದರೆ ಮಲಯಾಳವೂ ಸೇರುತ್ತದೆ. ಎಲ್ಲವನ್ನೂ ಮುಟ್ಟಲು ಹೋಗಿ ಟೋಸ್ಟ್ ಆಕಾಶವಾಣಿಯ ವಾರ್ತೆ ಆಗಬಾರದು. ಕತೆ ಒಂದೇ ಭಾಷೆಯಲ್ಲಿರಲಿ, ನಿಮಗೆ ಸಲೀಸಾಗಿ ಬರುವ ಭಾಷೆಯಲ್ಲಿ. ನನ್ನದು ಕನ್ನಡ. ಅಲ್ಲಿ ಯಾರಿಗೂ ಅದು ಅರ್ಥವಾಗದೆ ಹೋಗಿಲ್ಲ. ಶುರುವಿಗೆ ತುಳುವಿನಲ್ಲಿ "ಮಾತೆರೆಗ್ಲಾ ಎನ್ನ ಸೊಲ್ಮೆಲು" ಎನ್ನುತ್ತೇನೆ, ಎಲ್ಲರಿಗೂ ನನ್ನ ನಮಸ್ಕಾರ ಅಂತ. ಮುಗಿಸಿ ಇಳಿಯುವಾಗ ಕೊಂಕಣಿಯಲ್ಲಿ "ದೇವ್ ಬರೆಂ ಕರುಂ" ಎನ್ನುತ್ತೇನೆ. ಅದು ಅವರಲ್ಲಿ ಥ್ಯಾಂಕ್ಸ್ ಹೇಳುವ ರೀತಿ, ದೇವರು ಒಳ್ಳೇದು ಮಾಡಲಿ ಅಂತ ಅರ್ಥ. ಉಚ್ಚಾರ ಸ್ವಲ್ಪ ತಪ್ಪಿದರೆ ಜನ ನಕ್ಕು ಇನ್ನೂ ಹತ್ತಿರವಾಗುತ್ತಾರೆ.

ರಜೆ ಕೊಡಬೇಕಾದ ಮಾತುಗಳು

ಕೆಥೋಲಿಕರಲ್ಲಿ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರ, ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲ, ಈ ಎರಡು ಹೊತ್ತಿನಲ್ಲಿ ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ. ಗಲ್ಫಿನಲ್ಲಿರುವವರು ರಜೆಗೆ ಬರುವುದೂ ಡಿಸೆಂಬರ್ ಕೊನೆಗೆ. ಹಾಗಾಗಿ ಕ್ರಿಸ್‌ಮಸ್ ಮುಗಿದ ಕೂಡಲೇ ಮದುವೆಗಳು ಸಾಲುಗಟ್ಟುತ್ತವೆ. ನಿಮ್ಮ ಮುಂದೆ ಕೂತವರು ಅದೇ ವಾರ ಇನ್ನೆರಡು ಟೋಸ್ಟ್ ಕೇಳಿ ಬಂದಿರುತ್ತಾರೆ. ಮೂರು ರಿಂಗಿನ ಜೋಕು, ಅದೇ ಎಂಗೇಜ್‌ಮೆಂಟ್ ರಿಂಗ್, ವೆಡ್ಡಿಂಗ್ ರಿಂಗ್, ಸಫರಿಂಗ್, ಎರಡು ಸಲ ಕೇಳಿಯಾಗಿದೆ. 'ಇವತ್ತಿಗೆ ಇವನ ಸ್ವಾತಂತ್ರ್ಯ ಹೋಯಿತು' ಅನ್ನುವುದೂ ಆಗಿದೆ. 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಅನ್ನುವ ಗಾದೆಗೂ ಸ್ವಲ್ಪ ರೆಸ್ಟ್ ಕೊಡಿ, ಪಾಪ.

ಕಾನಾ ಊರಿನ ಮದುವೆ ಬಹಳ ಒಳ್ಳೆಯ ಕತೆ. ವೈನ್ ಮುಗಿದಾಗ ಯೇಸು ಆರು ಕಲ್ಲಿನ ಬಾನೆಗಳ ನೀರನ್ನು ವೈನ್ ಮಾಡಿದ್ದು. ಆದರೆ ಬೆಳಗ್ಗೆ ಚರ್ಚಿನಲ್ಲಿ ಫಾದರ್ ಅದನ್ನೇ ಪ್ರವಚನದಲ್ಲಿ ಹೇಳಿರುವ ಸಾಧ್ಯತೆ ಜಾಸ್ತಿ. ಅದಕ್ಕೇ ಚರ್ಚಿಗೂ ಹೋಗಿ, ಸುಮ್ನೆ ಹಾಲಿಗೆ ಮಾತ್ರ ಹೋಗಬೇಡಿ.

ಹಳೇ ಪ್ರೀತಿ, ಸಂಬಳ, ಬಣ್ಣ, ತೂಕ, "ಬೇಗ ಸಿಹಿಸುದ್ದಿ ಕೊಡಿ" ಅನ್ನುವುದು, ಯಾವುದೂ ಬೇಡ. ಕೊನೆಯದು ನಮ್ಮವರ ಬಾಯಲ್ಲಿ ತಾನಾಗಿ ಬಂದುಬಿಡುತ್ತದೆ. ನಾಲಿಗೆ ಕಚ್ಚಿಕೊಳ್ಳಿ.

ಒಂದು ನಮೂನೆ

ಚೆನ್ನಾಗಿ ಬಂದ ಎರಡರಲ್ಲಿ ಒಂದನ್ನು ಇಲ್ಲಿ ಕೊಡುತ್ತೇನೆ. ಹೆಸರುಗಳನ್ನು ಮಾತ್ರ ತೆಗೆದಿದ್ದೇನೆ.

"ಮಾತೆರೆಗ್ಲಾ ಎನ್ನ ಸೊಲ್ಮೆಲು. ನಾನು ಮದುಮಗನ ಜೊತೆ ಮೂರು ವರ್ಷ ಒಂದೇ ರೂಮಿನಲ್ಲಿದ್ದವನು. ರೂಮಿನಲ್ಲಿ ಇದ್ದವರು ಮೂವರು. ಕೊಡೆ ಇದ್ದದ್ದು ಒಂದು. ಮಂಗಳೂರಿನ ಜುಲೈ ತಿಂಗಳು ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಮೂರು ಮಳೆಗಾಲದಲ್ಲೂ ನೆನೆದು ಬಂದವನು ಇವನೊಬ್ಬನೇ. ನಮ್ಮಿಬ್ಬರಲ್ಲಿ ಯಾರಿಗಾದರೂ ಕೊಡೆ ಕೊಟ್ಟು ಬಂದಿರುತ್ತಿದ್ದ. ಕೇಳಿದರೆ 'ಮಳೆ ಅಷ್ಟೇನೂ ಇರ್ಲಿಲ್ಲ ಮಾರಾಯ' ಅನ್ನುತ್ತಿದ್ದ. ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಆದರೂ ಮಳೆ ಅಷ್ಟೇನೂ ಇರ್ಲಿಲ್ಲ.

ಹೋದ ವರ್ಷ ಒಂದು ಸಂಜೆ ಊರೆಲ್ಲ ಮುಳುಗುವ ಹಾಗೆ ಸುರಿಯುತ್ತಿತ್ತು. ಇವನು ಒಣಗಿದ ಅಂಗಿಯಲ್ಲಿ ಒಳಗೆ ಬಂದ. 'ಏನೋ, ಇವತ್ತು ಮಳೆ ಇರ್ಲಿಲ್ವಾ?' ಅಂದೆ. 'ತುಂಬಾ ಇತ್ತು. ಅವಳು ಕೊಡೆ ತಂದಿದ್ದಳು' ಅಂದ. ಅವಳು ಯಾರು ಅಂತ ನಮಗೆ ಗೊತ್ತಾದದ್ದು ಆವತ್ತು. ಮಳೆ ಇತ್ತು ಅಂತ ಇವನ ಬಾಯಿಂದ ಕೇಳಿದ್ದೂ ಆವತ್ತೇ ಮೊದಲು.

ಅಕ್ಕ, ನಿಮಗೆ ಗೊತ್ತಿಲ್ಲದ ಒಂದು ವಿಷಯ ಹೇಳಲಾ? ಇವನಿಗೆ ನೆಗಡಿಯಾದರೆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ನೀವು ಆ ಕೊಡೆ ತಂದಿದ್ದು ನಮ್ಮ ಪುಣ್ಯ.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಗ್ಲಾಸ್ ಕೈಗೆ ತೊಗೊಳ್ಳಿ. ಇಬ್ಬರಿಗೂ ಸಾಲುವಂಥ ಒಂದು ಕೊಡೆ ಇವರ ಮೇಲೆ ಯಾವಾಗಲೂ ಇರಲಿ. ನಾನು ಹೆಸರು ಹೇಳುತ್ತೇನೆ, ನೀವು 'ಚೆನ್ನಾಗಿರಲಿ' ಅನ್ನಿ..."

ಆಮೇಲೆ ಇಬ್ಬರ ಹೆಸರು. ಕುರ್ಚಿ ಸರಿಯುವುದು, ನಗು ಎಲ್ಲ ಸೇರಿ ಮೂರು ನಿಮಿಷ ಚಿಲ್ಲರೆ ಆಯಿತು. ನಾಲ್ಕು ದಾಟಬೇಡಿ. ನಾನು ವೇದಿಕೆ ಮೇಲೆ ನಿಮಿಷಕ್ಕೆ 90 ಪದ ಓದುತ್ತೇನೆ, ಮನೆಯಲ್ಲಿ ಅದೇ 120 ಆಗುತ್ತದೆ. ನೀವೂ ಗಡಿಯಾರ ಇಟ್ಟು ಗಟ್ಟಿಯಾಗಿ ಓದಿ ನೋಡಿ. ಮನಸ್ಸಿನಲ್ಲೇ ಓದಿದ್ದು ಲೆಕ್ಕಕ್ಕಿಲ್ಲ.

ಈ ನಮೂನೆಯಲ್ಲಿ ತಂದೆತಾಯಿಯ ಹೆಸರಿಲ್ಲ ಎಂದು ನೀವು ಗಮನಿಸಿರಬಹುದು. ಆವತ್ತು ಎಂಸಿ, ಅಂದರೆ ಮೈಕ್ ಹಿಡಿದು ಕಾರ್ಯಕ್ರಮ ನಡೆಸಿಕೊಡುವವನು, ಎರಡೂ ಮನೆಯವರನ್ನು ಆಗಲೇ ಪರಿಚಯಿಸಿದ್ದ. ಅವನು ಮಾಡದಿದ್ದರೆ ಆ ಕೆಲಸ ನಿಮ್ಮದು, ಶುರುವಿನಲ್ಲೇ.

ಆ ದಿನ ಹಾಲಿನಲ್ಲಿ

ಕಾರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಂಡು ಹೋಗಿ. ಫೋನ್ ನೋಡಿ ಓದಬೇಡಿ. ಸ್ಕ್ರೀನ್ ಆರಿಹೋಗುತ್ತದೆ, ಇಲ್ಲವೇ ಸರಿಯಾದ ಹೊತ್ತಿಗೆ ಸಾಲ ಕೊಡುವ ಬ್ಯಾಂಕಿನವರ ಕಾಲ್ ಬರುತ್ತದೆ.

ಹೋದ ಕೂಡಲೇ ಎಂಸಿಯನ್ನು ಹಿಡಿಯಿರಿ. ಅಲ್ಲಿ ಎಂಸಿ ಅಂದರೆ ಕಾರ್ಯಕ್ರಮದ ರಾಜ. ಅವನಿಗೆ ಎರಡು ವಿಷಯ ಹೇಳಿ. ಒಂದು, ನಿಮ್ಮನ್ನು ಹೇಗೆ ಪರಿಚಯಿಸಬೇಕು ಅಂತ ಒಂದೇ ವಾಕ್ಯ. ಇನ್ನೊಂದು, ಎಲ್ಲರ ಕೈಗೂ ಲೋಟ ಬರುವ ತನಕ ನಿಮ್ಮನ್ನು ಕರೆಯಬಾರದು ಅಂತ. ನೂರಾರು ಜನಕ್ಕೆ ಕೇಕ್, ವೈನ್ ಹಂಚಿ ಮುಗಿಯಲು ಹೊತ್ತು ಬೇಕು. ಹಿಂದಿನ ಸಾಲಿನವರು ಖಾಲಿ ಕೈ ಎತ್ತಿದರೆ ಎಷ್ಟು ಒಳ್ಳೆಯ ಟೋಸ್ಟ್ ಆದರೂ ಸಪ್ಪೆ. ಕುಡಿಯದವರು ಜ್ಯೂಸ್ ಎತ್ತಬಹುದು, ನೀರೂ ಸಾಕು. ನಾನು ಎತ್ತುವುದು ದ್ರಾಕ್ಷಿ ಜ್ಯೂಸ್, ದೂರದಿಂದ ಯಾರಿಗೂ ಗೊತ್ತಾಗುವುದಿಲ್ಲ. ಕುಡಿಯುವವರಾದರೆ ಟೋಸ್ಟ್ ಆಗುವ ತನಕ ಒಂದು ಗುಟುಕೂ ಬೇಡ. ಧೈರ್ಯಕ್ಕೆ ಅಂತ ತೊಗೊಂಡವರ ಟೋಸ್ಟ್ ಹದಿನೈದು ನಿಮಿಷ ಆದದ್ದನ್ನು ನೋಡಿದ್ದೇನೆ.

ಒಂದು ಕೈಲಿ ಮೈಕ್, ಇನ್ನೊಂದರಲ್ಲಿ ಗ್ಲಾಸ್ ಅಂದರೆ ಕಾರ್ಡ್ ಎಲ್ಲಿ ಹಿಡಿಯುತ್ತೀರಿ? ಇದನ್ನು ಯಾರೂ ಮೊದಲೇ ಯೋಚಿಸುವುದಿಲ್ಲ. ಸ್ಟ್ಯಾಂಡ್ ಮೈಕ್ ಕೇಳಿ. ಇಲ್ಲದಿದ್ದರೆ ಗ್ಲಾಸನ್ನು ಕೇಕಿನ ಮೇಜಿನ ಮೇಲಿಟ್ಟು, 'ಎದ್ದು ನಿಲ್ಲಿ' ಅನ್ನುವ ಹೊತ್ತಿಗೆ ಎತ್ತಿಕೊಳ್ಳಿ. ಅಷ್ಟೊತ್ತಿಗೆ ಕಾರ್ಡಿನ ಕೆಲಸ ಮುಗಿದಿರುತ್ತದೆ. ಕೊನೆಯ ಸಾಲನ್ನಂತೂ ಬಾಯಿಪಾಠವೇ ಮಾಡಿ, ಮದುಮಕ್ಕಳನ್ನು ನೋಡಿಕೊಂಡು ಹೇಳಿ. ಲೈವ್ ಹಾಕಿದ್ದರೆ ದುಬೈಯಲ್ಲೋ ಕುವೈತ್‌ನಲ್ಲೋ ಕೂತು ನೋಡುವವರಿಗೆ ಕ್ಯಾಮೆರಾ ನೋಡಿ ಒಮ್ಮೆ ನಮಸ್ಕಾರ ಹೇಳಿ. ರಜೆ ಸಿಗದ ಅಣ್ಣನೊಬ್ಬ ಅಲ್ಲಿರುತ್ತಾನೆ.

ನಡುಕ ಬಂದರೆ ಬರಲಿ. ಧ್ವನಿ ನಡುಗಿದರೆ ಜನ ಪ್ರೀತಿಯಿಂದ ಕೇಳುತ್ತಾರೆ. ನಾನು ಕೇಳಿದ ಅತಿ ಒಳ್ಳೆಯ ಟೋಸ್ಟ್ ಮದುಮಗಳ ಸೋದರತ್ತೆಯೊಬ್ಬರದು. ಎರಡೇ ನಿಮಿಷ, ಕೈ ಗಡಗಡ ನಡುಗುತ್ತಿತ್ತು, ಲೋಟದಿಂದ ವೈನ್ ಸೀರೆಗೆ ಚೆಲ್ಲಿತು. "ನೋಡಿ, ನನ್ನ ಸೀರೆ ಆಗ್ಲೇ ಕುಡೀತು, ನೀವೂ ಕುಡೀರಿ" ಎಂದು ಮುಗಿಸಿದರು.

ಟೋಸ್ಟ್ ಇಲ್ಲದ ಮದುವೆಯಲ್ಲಿ

ನಮ್ಮ ಮದುವೆಗಳಲ್ಲಿ ಗ್ಲಾಸ್ ಇಲ್ಲ, ಅಕ್ಷತೆ ಇದೆ. ಆದರೂ ಬೆಂಗಳೂರಿನ ರಿಸೆಪ್ಷನ್‌ಗಳಲ್ಲಿ ಈಗ ಗೆಳೆಯರನ್ನು ಕರೆದು ಮೈಕ್ ಕೊಡುತ್ತಾರೆ. ಕುವೆಂಪು ಹಾಕಿಕೊಟ್ಟ ಮಂತ್ರ ಮಾಂಗಲ್ಯದ ರೀತಿಯಲ್ಲಿ ಮದುವೆಯಾಗುವವರ ಮನೆಯಲ್ಲಂತೂ ಶಾಸ್ತ್ರ ಕಡಿಮೆ, ಮಾತಿಗೆ ಜಾಗ ಜಾಸ್ತಿ. ಮೇಲೆ ಹೇಳಿದ್ದೆಲ್ಲ ಅಲ್ಲಿಗೂ ನಡೆಯುತ್ತದೆ. ಗ್ಲಾಸ್ ಬದಲು ಚಪ್ಪಾಳೆ ಇಟ್ಟುಕೊಳ್ಳಿ. ಹೆಸರು ಮಾತ್ರ ಕೊನೆಗೇ ಬರಲಿ.

ಅಮೆರಿಕ, ಇಂಗ್ಲೆಂಡಿನಲ್ಲಿರುವ ನಮ್ಮ ಹುಡುಗರಿಗೆ ಬೇರೆ ತಲೆನೋವು. ಅಲ್ಲಿ ಬೆಸ್ಟ್‌ಮ್ಯಾನ್ ಅಂದರೆ ಮದುಮಗನ ಕಾಲೆಳೆಯಲೇಬೇಕು ಅನ್ನುವ ರೂಢಿ. ಎಳೆಯಿರಿ. ಆದರೆ ಮುಂದಿನ ಸಾಲಿನಲ್ಲಿ ದಾವಣಗೆರೆಯಿಂದ ಮೊದಲ ಸಲ ವಿಮಾನ ಹತ್ತಿ ಬಂದ ಅಜ್ಜಿ ಕೂತಿದ್ದಾರೆ. ಜೋಕು ಅವರಿಗೆ ಅರ್ಥವಾಗದಿದ್ದರೂ, ಜನ ಮೊಮ್ಮಗನನ್ನು ನೋಡಿ ಹೇಗೆ ನಗುತ್ತಿದ್ದಾರೆ ಅನ್ನುವುದು ಅರ್ಥವಾಗುತ್ತದೆ. ನಡುವೆ ಎರಡು ಸಾಲು ಕನ್ನಡದಲ್ಲಿ ಅಜ್ಜಿಯನ್ನೇ ನೋಡಿ ಹೇಳಿ. "ಅಜ್ಜಿ, ನಿಮ್ಮ ಚಟ್ನಿಪುಡಿ ಡಬ್ಬಿ ಖಾಲಿ ಮಾಡಿದ್ದು ಇವನಲ್ಲ, ನಾನು" ಅಂದರೂ ಸಾಕು.

ಟೋಸ್ಟ್ ಮುಗಿಸಿ ಇಳಿದ ಮೇಲೆ ಕಾರ್ಡನ್ನು ಬಿಸಾಡಬೇಡಿ. ಹಿಂದೆ ಸಹಿ ಹಾಕಿ, ತಾರೀಕು ಬರೆದು ಮದುಮಕ್ಕಳ ಕೈಗೆ ಕೊಡಿ. ಕೊಡೆಯ ಟೋಸ್ಟಿನ ಕಾರ್ಡ್ ಆ ಗೆಳೆಯನ ಮನೆಯ ಫ್ರಿಜ್ ಮೇಲೆ ಇನ್ನೂ ಅಂಟಿಕೊಂಡಿದೆ, ವೈನಿನ ಕಲೆ ಸಮೇತ. ಕೊಟ್ಟ ಕೂಡಲೇ ಊಟದ ಕಡೆ ನಡೆಯಿರಿ. ಬಂದವರೆಲ್ಲ ಕೈ ಕುಲುಕಲು ನಿಲ್ಲಿಸುತ್ತಾರೆ, ಅಷ್ಟರಲ್ಲಿ ಇಡ್ಲಿಯಂಥ ಬಿಸಿ ಸಾನ್ನಾ ಖಾಲಿಯಾಗಿಬಿಡುತ್ತದೆ.